ಮುಚ್ಚಳದ ಮೇಲಿನ ಗೀರು: ಡಿಸೈನ್ ಕಾಲೇಜುಗಳ ಮೇಷ್ಟ್ರುಗಳಿಗೆ ಒಂದು ಬಹಿರಂಗ ಪತ್ರ

ಡಿಸೈನ್ ಮತ್ತು ಚಿತ್ರಕಲಾ ಕಾಲೇಜುಗಳಲ್ಲಿ ಪಾಠ ಹೇಳುವ ಎಲ್ಲ ಮೇಷ್ಟ್ರುಗಳಿಗೆ, ಮೇಡಂಗಳಿಗೆ,

ನಮಸ್ಕಾರ.

ಸಂಕ್ರಾಂತಿ ಮುಗಿಯಿತೆಂದರೆ ನಿಮ್ಮ ಮಕ್ಕಳು ನಮ್ಮ ಊರಿಗೆ ಬರುತ್ತಾರೆ. ಹೆಗಲಿಗೆ ಚೀಲ, ಕೈಯಲ್ಲಿ ಸ್ಕೆಚ್ ಬುಕ್ಕು, ಕಾಲಲ್ಲಿ ಲೇತ್ ಶೆಡ್ಡಿನ ದೂಳಿಗೆ ಹೊಂದದ ಬಿಳಿ ಶೂ. ಹತ್ತೋ ಹದಿನೈದೋ ದಿನ ಇರುತ್ತಾರೆ. ಒಳ್ಳೆಯ ಮಕ್ಕಳು, ಸುಳ್ಳು ಹೇಳಬಾರದು. ಕೊಟ್ಟ ಟೀ ಕುಡಿಯುತ್ತಾರೆ, ಎಲ್ಲರ ಹೆಸರು ಕೇಳಿ ಬರೆದುಕೊಳ್ಳುತ್ತಾರೆ, ಹೋಗುವಾಗ ಒಂದಿಬ್ಬರು ಕಣ್ಣೀರು ಹಾಕುವುದೂ ಉಂಟು. ಆದ್ದರಿಂದ ಈ ಪತ್ರ ಅವರಿಗಲ್ಲ, ನಿಮಗೆ.

ನಾನು ಚನ್ನಪಟ್ಟಣದ ಲೇತ್ ಮನೆಯ ಮಗಳು. ಬೆಂಗಳೂರಿನಿಂದ ಮೈಸೂರಿನ ಕಡೆ 60 ಕಿಲೋಮೀಟರ್ ಬಂದರೆ ನಮ್ಮ ಊರು. ಈಗ ಹೊಸ ಹೆದ್ದಾರಿ ಊರಿನ ಹೊರಗೇ ಹೋಗುತ್ತದೆ. ಬೊಂಬೆ ಅಂಗಡಿ ಕಂಡು ಕಾರು ನಿಲ್ಲಿಸುವವರು ಕಡಿಮೆಯಾಗಿದ್ದಾರೆ. ಅಪ್ಪ ಲೇತಿನಲ್ಲಿ, ಅಂದರೆ ಮರವನ್ನು ತಿರುಗಿಸುವ ಯಂತ್ರದಲ್ಲಿ, ಮರ ಕಡೆಯುತ್ತಿದ್ದರು. ನಾನು ಬಿಕಾಂ ಓದಿ ಮನೆಯ ಯೂನಿಟ್ಟಿನ ಲೆಕ್ಕ ನೋಡುತ್ತೇನೆ, ಆರ್ಡರ್ ತೆಗೆದುಕೊಳ್ಳುತ್ತೇನೆ. ನಿಮ್ಮ ಮಕ್ಕಳು ಬಂದಾಗ ಅವರ ಇಂಗ್ಲಿಷಿಗೂ ನಮ್ಮವರ ಮೌನಕ್ಕೂ ನಡುವೆ ನಿಂತು ದುಭಾಷಿಯ ಕೆಲಸ ಮಾಡುತ್ತೇನೆ. ಹೇಳಬೇಕಾಗಿರುವುದೂ ಆ ಮೌನದ ವಿಷಯವೇ.

ಮೂರು ವರ್ಷದ ಹಿಂದಿನ ಮಾತು. ಒಬ್ಬ ಹುಡುಗಿ ಕುಂಕುಮದ ಭರಣಿಯ ಡ್ರಾಯಿಂಗ್ ತಂದಳು. ನಮ್ಮಲ್ಲಿ ಭರಣಿ ಹೊಸದೇನಲ್ಲ, ಅಜ್ಜನ ಕಾಲದಿಂದ ಮಾಡುತ್ತಿದ್ದೇವೆ. ಆದರೆ ಅವಳದ್ದು ಬೇರೆ ಥರ. ಒಂದು ನುಣ್ಣನೆಯ ಕೆಂಪು ಕಂಬ, ಅಂಗೈ ಎತ್ತರ. "ಮುಚ್ಚಳ ಎಲ್ಲಿ ಮುಗೀತು, ಡಬ್ಬಿ ಎಲ್ಲಿ ಶುರುವಾಯ್ತು ಗೊತ್ತೇ ಆಗಬಾರದು ಆಂಟಿ, ಅದೇ ನನ್ನ ಕಾನ್ಸೆಪ್ಟು" ಅಂದಳು. ನೋಡೋಕೆ ಚೆನ್ನಾಗಿತ್ತು. ನನ್ನ ಸೋದರಮಾವ ಡ್ರಾಯಿಂಗನ್ನು ಒಮ್ಮೆ ನೋಡಿ, ಕಾಗದ ನನಗೆ ವಾಪಸ್ ಕೊಟ್ಟು ಲೇತಿಗೆ ಕೂತರು.

ಮೊದಲನೇ ಭರಣಿ ಅವಳು ಬರೆದ ಹಾಗೇ ಬಂತು. ಮಾವ ಅದನ್ನು ನನ್ನ ಕೈಗೆ ಕೊಟ್ಟು "ತೆಗಿ" ಅಂದರು. ನನಗೆ ಆಗಲಿಲ್ಲ. ಹಿಡಿಯೋಕೆ ಜಾಗವೇ ಇಲ್ಲ, ಅರಗು ಹಚ್ಚಿದ ಮೈ ಬೆಣ್ಣೆಯ ಹಾಗೆ ಜಾರುತ್ತದೆ. ಎರಡೂ ಕೈ ಹಾಕಿ ಎಳೆದೆ. ಟಪ್ ಅಂತ ಬಂತು. ಒಳಗೆ ಕುಂಕುಮ ಇದ್ದಿದ್ದರೆ ಸೀರೆಯೆಲ್ಲ ಕೆಂಪಾಗುತ್ತಿತ್ತು. ಎರಡನೆಯದರಲ್ಲಿ ಮಾವ ಬಿಗಿ ಕಡಿಮೆ ಮಾಡಿದರು. ಸುಲಭವಾಗಿ ಬಂತು, ಆದರೆ ಡಬ್ಬಿ ಸ್ವಲ್ಪ ವಾಲಿಸಿದರೂ ಮುಚ್ಚಳ ನೆಲಕ್ಕೆ. ಮೂರನೆಯದಕ್ಕೆ ಮುಚ್ಚಳದ ತಲೆಯ ಮೇಲೆ ಹಿಡಿಯೋಕೆ ಒಂದು ಸಣ್ಣ ಗುಂಡು, ಅಂದರೆ ಗುಬ್ಬಿ, ಇಟ್ಟರು. ಹುಡುಗಿಯ ಮುಖ ಬಾಡಿತು. ಗುಬ್ಬಿ ಬಂದರೆ ಕಾನ್ಸೆಪ್ಟು ಕೆಟ್ಟಿತಂತೆ. ಅವಳು ಹೇಳಿದ್ದು ಸರಿಯೇ. ಗುಬ್ಬಿ ಇಟ್ಟರೆ ಅದು ಪೇಟೆಯಲ್ಲಿ ಸಿಗುವ ಇನ್ನೊಂದು ಭರಣಿ, ಅಷ್ಟೇ.

ಮಾರನೇ ದಿನ ಬೆಳಿಗ್ಗೆ ಮಾವ ಅತ್ತೆಯನ್ನು ಕರೆದು ಅವರ ಹಳೇ ಭರಣಿ ತರಿಸಿಕೊಂಡರು. "ದಿನಾ ಹೇಗೆ ತೆಗೀತೀಯ, ತೋರಿಸು" ಅಂದರು. ಅತ್ತೆ ನಗುತ್ತಾ ತೋರಿಸಿದರು. ಎಡಗೈಯಲ್ಲಿ ಕನ್ನಡಿ. ಬಲಗೈಯೊಂದರಲ್ಲೇ ಡಬ್ಬಿ ಹಿಡಿದು, ಹೆಬ್ಬೆರಳು ಮತ್ತು ನಡುಬೆರಳಲ್ಲಿ ಮುಚ್ಚಳ ತಿರುಗಿಸಿ ಎತ್ತಿದರು. ತಲೆಗೆ ಎಣ್ಣೆ ಹಚ್ಚಿದ ಕೈ ಅದು, ಆ ಹೊತ್ತಿನಲ್ಲಿ ಎಣ್ಣೆ ಇದ್ದೇ ಇರುತ್ತದೆ. ಮಾವ ಐದು ನಿಮಿಷ ಅದನ್ನೇ ನೋಡಿದರು.

ಆಮೇಲೆ ನಾಲ್ಕನೆಯದನ್ನು ಕಡೆದರು. ಮಾಮೂಲಿ ಕ್ರಮದಲ್ಲಿ ಮರಕ್ಕೆ ಉಳಿಯ ಕೆಲಸವೆಲ್ಲ ಮುಗಿದ ಮೇಲೆ ಕೊನೆಗೆ ಅರಗು. ಮಾವ ಅದನ್ನು ತಿರುವುಮುರುವು ಮಾಡಿದರು. ಮೊದಲು ಇಡೀ ಭರಣಿಗೆ ಅರಗು ಹಚ್ಚಿ ಹೊಳಪು ಕೊಟ್ಟರು. ಆಮೇಲೆ, ಅದು ತಿರುಗುತ್ತಿರುವಾಗಲೇ, ಮುಚ್ಚಳದ ಅಂಚಿನಿಂದ ಸ್ವಲ್ಪ ಮೇಲೆ ಚೂಪು ಉಳಿಯ ತುದಿ ಮುಟ್ಟಿಸಿದರು. ಕೆಂಪು ಅರಗು ಸೀಳಿ ಒಳಗಿನ ಬಿಳಿ ಮರ ಕಂಡಿತು. ಒಂದು ಗೀರು, ಅಕ್ಕಿ ಕಾಳಿನಷ್ಟು ಅಗಲ. ಅರಗಿನ ಮೇಲೆ ಬೆರಳು ಜಾರುತ್ತದೆ, ಬರೀ ಮರದ ಮೇಲೆ ಹಿಡಿಯುತ್ತದೆ. ಅತ್ತೆ ಒಂದೇ ಕೈಯಲ್ಲಿ ತೆಗೆದರು, ಎಣ್ಣೆ ಕೈಯಲ್ಲೇ. ಹುಡುಗಿಗೂ ಖುಷಿ, ಅವಳ ನುಣ್ಣನೆ ಕಂಬ ಕಂಬವಾಗಿಯೇ ಉಳಿದಿತ್ತು.

ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಪ್ರದರ್ಶನ. ಕಾಲೇಜಿನ ಹೆಸರು ಬೇಡ, ಯಾವ ಕಾಲೇಜಾದರೂ ಹೀಗೇ ಮಾಡುತ್ತಿತ್ತು. ನಾವು ಮೂವರೂ ಹೋಗಿದ್ದೆವು. ಬಿಳಿ ಪೀಠದ ಮೇಲೆ, ದೀಪದ ಕೆಳಗೆ ನಮ್ಮ ಭರಣಿ. ಪಕ್ಕದಲ್ಲಿ ಚೀಟಿ. ಪರಿಕಲ್ಪನೆ ಅಂತ ಹುಡುಗಿಯ ಹೆಸರು. ತಯಾರಿಕೆ: ಸ್ಥಳೀಯ ಕುಶಲಕರ್ಮಿಗಳು. ಕೆಳಗೆ ನಾಲ್ಕು ಸಾಲಿನ ವಿವರಣೆ, ಅದರಲ್ಲಿ ಆ ಬಿಳಿ ಗೀರು 'ಮುಂಜಾವಿನ ದಿಗಂತದ ಗೆರೆ' ಆಗಿತ್ತು. ಮಾವನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಎಣ್ಣೆ ಕೈ ಅಂತ ಹಾಕಿದ್ದರೆ ಆಗ್ತಿತ್ತು ಅಲ್ವಾ" ಅಂದರು.

ಅವರಿಗೆ ಬೇಜಾರಾಗಿರಲಿಲ್ಲ. ಬೇಜಾರಾಗಿದ್ದು ನನಗೆ. 'ಸ್ಥಳೀಯ' ಅನ್ನುವ ಪದ ಇವತ್ತಿಗೂ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ.

ನಿಮ್ಮನ್ನು ಕೇಳಬೇಕಾದ್ದು ಇಷ್ಟೇ. ಈ ಭರಣಿಯಲ್ಲಿ ಕಾನ್ಸೆಪ್ಟು ಯಾವುದು? ಗೆರೆಯಿಲ್ಲದ ಕಂಬ ಅನ್ನುವ ಆಸೆ ಹುಡುಗಿಯದ್ದು, ಒಪ್ಪುತ್ತೇನೆ. ಅದು ನಮಗೆ ಹೊಳೆಯುತ್ತಿರಲಿಲ್ಲ. ಆದರೆ 'ಇದನ್ನು ಯಾರು, ಯಾವ ಹೊತ್ತಿನಲ್ಲಿ, ಎಂಥ ಕೈಯಲ್ಲಿ ತೆಗೀತಾರೆ' ಅನ್ನುವ ಪ್ರಶ್ನೆ ಇದೆಯಲ್ಲ, ಅದು ಕಾನ್ಸೆಪ್ಟಲ್ಲವಾ? ಅರಗನ್ನು ಮೊದಲು ಹಚ್ಚಿ ಆಮೇಲೆ ಸೀಳಬಹುದು ಅನ್ನುವ ಯೋಚನೆ? ಅದನ್ನು ಯಾರೂ ಕಾಗದದ ಮೇಲೆ ಬರೆಯಲಿಲ್ಲ. ಉಳಿಯ ತುದಿಯಲ್ಲೇ ಹುಟ್ಟಿತು. ನಿಮ್ಮ ಚೀಟಿಯಲ್ಲಿ ಕಾಗದಕ್ಕೆ ಜಾಗವಿದೆ, ಉಳಿಗಿಲ್ಲ.

ನಾನು ಕಲೆ, ಡಿಸೈನ್ ಓದಿಕೊಂಡವಳಲ್ಲ. ಆದರೆ ನಿಮ್ಮ ಮಕ್ಕಳು ರಾತ್ರಿ ನಮ್ಮ ಜಗಲಿಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ತೋರಿಸಿದ್ದೆಲ್ಲ ನೋಡಿದ್ದೇನೆ. ಅದರಲ್ಲಿ ಒಂದು ಕಥೆ ತುಂಬ ಹಿಡಿಸಿತು. ಅಮೆರಿಕದ ಡಿಸೈನರ್‌ಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯನ್ನು ಭಾರತ ಸರ್ಕಾರ ಕರೆಸಿಕೊಂಡಿತ್ತಂತೆ. ದೇಶ ಸುತ್ತಿ 1958ರಲ್ಲಿ ಅವರೊಂದು ವರದಿ ಕೊಟ್ಟರು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾಯಿತು. ಆ ವರದಿಯಲ್ಲಿ, ಇಡೀ ದೇಶದಲ್ಲಿ ನಾವು ನೋಡಿ ಮೆಚ್ಚಿದ ವಸ್ತುಗಳಲ್ಲೆಲ್ಲ ಬಹುಶಃ ಇದೇ ಮೇಲು, ಇದೇ ಚಂದ ಅಂತ ಅವರು ಎತ್ತಿಹಿಡಿದದ್ದು ಯಾವುದನ್ನು? ಚೊಂಬನ್ನು!

ಚೊಂಬಿನ ಬಗ್ಗೆ ಅವರು ಕೇಳಿಕೊಳ್ಳುವ ಪ್ರಶ್ನೆಗಳು ಒಂದಕ್ಕಿಂತ ಒಂದು ಚೆನ್ನ. ಎಷ್ಟು ನೀರು ಹಿಡಿಯಬೇಕು? ಹೊರುವವರು ಹೆಂಗಸರೋ ಗಂಡಸರೋ, ತಲೆ ಮೇಲೋ ಸೊಂಟದ ಮೇಲೋ? ತುಂಬಿದಾಗ ಭಾರ ಎಲ್ಲಿ ಕೂರುತ್ತದೆ, ಖಾಲಿಯಾದಾಗ ಎಲ್ಲಿ? ಕೈ ಹಾಕಿ ತೊಳೆಯೋಕೆ ಬಾಯಿ ಸಾಕಷ್ಟು ದೊಡ್ಡದಿದೆಯಾ? ಬಗ್ಗಿಸಿದಾಗ ನೀರು ಹೇಗೆ ಬೀಳುತ್ತದೆ? ತಟ್ಟಿದರೆ ಸದ್ದು ಹೇಗೆ? ಹಳೇದಾದ ಮೇಲೆ ಲೋಹ ಮಾರಿದರೆ ಎಷ್ಟು ಬರುತ್ತದೆ? ಇಷ್ಟೆಲ್ಲ ಕೇಳಿ, ಯಾವನೇ ಒಬ್ಬ ಮನುಷ್ಯ ಇದನ್ನು ಡಿಸೈನ್ ಮಾಡಿರೋಕೆ ಸಾಧ್ಯವಿಲ್ಲ ಅಂತ ಹೇಳಿದ್ದಾರೆ. ತಲೆಮಾರುಗಳು ಸೇರಿ ಮಾಡಿದ್ದು ಅಂತ.

ನಮ್ಮ ಅಡುಗೆಮನೆಯ ಮೂಲೆಯಲ್ಲಿರುವ ಚೊಂಬನ್ನು ಅವತ್ತು ಮೊದಲ ಸಲ ಸರಿಯಾಗಿ ನೋಡಿದೆ. ಕತ್ತು ಯಾಕೆ ಕಿರಿದು ಅಂತ ಅವತ್ತೇ ಗೊತ್ತಾಗಿದ್ದು. ಅಲ್ಲಿ ಬೆರಳು ಸುತ್ತಿಕೊಳ್ಳುತ್ತವೆ, ಮೇಲಿನ ಅಂಚು ಬೆರಳ ಮೇಲೆ ಕೂರುತ್ತದೆ, ಕೈ ಒದ್ದೆಯಿದ್ದರೂ ಜಾರುವುದಿಲ್ಲ. ಮಾವನ ಗೀರು ಮಾಡುವ ಕೆಲಸವೂ ಅದೇ ಅಲ್ವಾ?

ಅಂದರೆ ನಿಮ್ಮ ವಿದ್ಯೆ ಈ ದೇಶದಲ್ಲಿ ಚೊಂಬಿಗೆ ಕೈ ಮುಗಿದು ಶುರುವಾಗಿದೆ. ನಮ್ಮ ಕೈಗೆ ಮಾತ್ರ ಚೊಂಬು ಕೊಡಬೇಡಿ ಅಂತ ಕೇಳಿಕೊಳ್ಳುತ್ತಿದ್ದೇನೆ.

ಇನ್ನೊಂದು ರಾತ್ರಿ ಕಲೆಯ ಕಡೆಯ ಚಿತ್ರಗಳನ್ನು ತೋರಿಸಿದರು. ಮಾರ್ಸೆಲ್ ದ್ಯುಶಾಂ ಅನ್ನುವವನು 1917ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದಕ್ಕೆ ಗಂಡಸರ ಮೂತ್ರದ ತೊಟ್ಟಿ ಕಳಿಸಿದ್ದನಂತೆ. ಮೇಲೆ ಇನ್ಯಾವುದೋ ಹೆಸರಿನ ಸಹಿ. ಪ್ರದರ್ಶನದವರು ಅದನ್ನು ಇಡಲಿಲ್ಲ, ಆದರೆ ನೂರು ವರ್ಷದಿಂದ ಎಲ್ಲರೂ ಅದರ ಬಗ್ಗೆಯೇ ಮಾತಾಡುತ್ತಿದ್ದಾರೆ. 1936ರಲ್ಲಿ ಮೆರೆಟ್ ಒಪನ್‌ಹೈಮ್ ಅನ್ನುವ ಹೆಣ್ಣುಮಗಳು ಕಪ್ಪು, ಸಾಸರು, ಚಮಚಕ್ಕೆಲ್ಲ ತುಪ್ಪಟದ ಚರ್ಮ ಹೊದಿಸಿದಳು. ಆ ಚಿತ್ರ ನೋಡಿ ನನ್ನ ತುಟಿಗೆ ನಿಜವಾಗಲೂ ಕೂದಲು ತಾಗಿದಂತಾಯಿತು. ನಮ್ಮ ಪಕ್ಕದ ಮನೆಯ ಅಜ್ಜಿ "ಶಿವನೇ, ಟೀ ಹೆಂಗೆ ಕುಡಿಯೋದು" ಅಂದರು. ಹುಡುಗರಿಗೆಲ್ಲ ನಗು. ಆದರೆ ಆ ಕಲಾವಿದೆಗೆ ಬೇಕಾಗಿದ್ದು ಅಜ್ಜಿಯ ಆ ಮಾತೇ ಅಂತ ನನಗನ್ನಿಸುತ್ತದೆ. ದಿನಾ ಬಳಸುವುದನ್ನು ಬಳಸದ ಹಾಗೆ ಮಾಡಿದಾಗ ಬಳಕೆ ಅಂದರೇನು ಅಂತ ಗೊತ್ತಾಗುತ್ತದೆ. ಇದೂ ಒಂದು ದಾರಿ. ನನಗೇನೂ ತಕರಾರಿಲ್ಲ.

ಮಕ್ಕಳು ಇದನ್ನು ಬೇರೆ ದೇಶದ ದೊಡ್ಡ ಸಂಗತಿ ಅನ್ನುವ ಹಾಗೆ ಹೇಳುತ್ತಾರೆ, ಅಲ್ಲಿ ನನಗೆ ನಗು ಬರುತ್ತದೆ. ಗೌರಿ ಹಬ್ಬದ ಮೊರದ ಬಾಗಿನ ನೋಡಿ. ಬಿದಿರಿನ ಮೊರ, ದಿನಾ ಅಕ್ಕಿ ಕೇರುವ ಮೊರವೇ. ಹಬ್ಬಕ್ಕೆ ಅದಕ್ಕೆ ಅರಿಸಿನ ಕುಂಕುಮ ಹಚ್ಚುತ್ತಾರೆ, ಒಳಗೆ ಬಳೆ, ರವಿಕೆ ಕಣ, ಬೇಳೆ, ಬೆಲ್ಲ ಇಟ್ಟು ಇನ್ನೊಂದು ಮೊರ ಮುಚ್ಚಿ, ಸೆರಗು ಹಿಡಿದು ಕೊಡುತ್ತಾರೆ. ಆ ಹೊತ್ತಿನಲ್ಲಿ ಯಾರಾದರೂ ಆ ಮೊರದಲ್ಲಿ ಅಕ್ಕಿ ಕೇರುತ್ತಾರಾ? ಇಲ್ಲ. ಅದರ ಕೆಲಸವೇ ಬದಲಾಗಿದೆ. ಹದಿನೈದು ದಿನ ಕಳೆದ ಮೇಲೆ ಅದೇ ಮೊರ ಅಡುಗೆಮನೆಗೆ ಹೋಗುತ್ತದೆ, ಅರಿಸಿನದ ಕಲೆ ಇನ್ನೂ ಇರುವಾಗಲೇ ಕಲ್ಲು ಹೊಟ್ಟು ಹಾರಿಸುತ್ತದೆ. ದ್ಯುಶಾಂ ತೊಟ್ಟಿಯನ್ನು ಕಲೆಯ ಜಾಗಕ್ಕೆ ಒಯ್ದ, ವಾಪಸ್ ಬಚ್ಚಲಿಗೆ ತರಲಿಲ್ಲ. ನಮ್ಮಮ್ಮ ಎರಡೂ ಮಾಡುತ್ತಾಳೆ, ವರ್ಷ ವರ್ಷ ಮಾಡುತ್ತಾಳೆ.

ಉಡುಪಿಯ ಕೃಷ್ಣನ ಕೈಯಲ್ಲಿರುವುದೂ ಕಡೆಗೋಲು. ಮಜ್ಜಿಗೆ ಕಡೆಯುವ ಕೋಲು. ನಮ್ಮ ಭಾಷೆಯಲ್ಲಿ ಮಜ್ಜಿಗೆಯನ್ನೂ ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ. ಕೈ ಲೇತಿನಲ್ಲಿ ಬಿಲ್ಲಿನ ಹಗ್ಗ ಮರಕ್ಕೆ ಸುತ್ತಿ ಹಿಂದೆ ಮುಂದೆ ಎಳೆಯುವುದನ್ನು ನೋಡಿದವರಿಗೆ ಯಾಕೆ ಒಂದೇ ಪದ ಅಂತ ಹೇಳಬೇಕಾಗಿಲ್ಲ. ದೇವರು, ಅಡುಗೆಮನೆ, ಲೇತ್ ಶೆಡ್ಡು ಮೂರಕ್ಕೂ ಹೊಂದುವ ಪದ ಅದು. ಇದು ಹಾಗೇ ನೆನಪಾಯಿತು, ಬಿಡಿ.

ಸರ್ಕಾರ ಮಾತ್ರ ಬೇರೆ ಬೇರೆ ಮನೆ ಮಾಡಿಟ್ಟಿದೆ. ಚಿತ್ರ ಬರೆಯುವವರಿಗೆ ಲಲಿತಕಲಾ ಅಕಾಡೆಮಿ, ಕಲ್ಲು ಕೆತ್ತುವವರಿಗೆ ಶಿಲ್ಪಕಲಾ ಅಕಾಡೆಮಿ, ನಮಗೆ ಕರಕುಶಲ ನಿಗಮ. ಡಿಸೈನಿಗೆ ನಿಮ್ಮ ಕಾಲೇಜುಗಳು. ಕಾನೂನಿನಲ್ಲೂ ಹಾಗೇ. 2021ರ ಜನವರಿಯಿಂದ ದೇಶದಲ್ಲಿ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳು ಮಾಡಿದ್ದಕ್ಕೂ ಇಂಥ ಊರಿನದೇ ಅಂತ ಹೇಳುವ ಭೌಗೋಳಿಕ ಗುರುತು (ಜಿಐ) ಇರುವ ಆಟಿಕೆಗಳಿಗೂ ವಿನಾಯಿತಿ ಕೊಟ್ಟರು. ನಮಗದು ಅನುಕೂಲವೇ, ಇಲ್ಲದಿದ್ದರೆ ಎಷ್ಟೋ ಶೆಡ್ಡು ಬಾಗಿಲು ಹಾಕಬೇಕಿತ್ತು. ಆದರೂ ಯೋಚಿಸಿ. ಒಂದೇ ಗಿಲಕಿಯನ್ನು ನಮ್ಮ ಮಾವ ಮಾಡಿದರೆ ಕರಕುಶಲ, ಫ್ಯಾಕ್ಟರಿಯಲ್ಲಿ ಮಾಡಿದರೆ ಆಟಿಕೆ. ಬಾಯಿಗಿಟ್ಟುಕೊಳ್ಳುವ ಮಗುವಿಗೆ ಈ ವ್ಯತ್ಯಾಸ ಗೊತ್ತಾ?

ಆಟಿಕೆ ಪರೀಕ್ಷೆಯಲ್ಲಿ ಒಂದು ಸಣ್ಣ ಕೊಳವೆ ಬಳಸುತ್ತಾರೆ. ಬಾಯಿಯ ಅಗಲ 31.7 ಮಿಲಿಮೀಟರ್. ಆಟಿಕೆಯ ಯಾವುದೇ ಭಾಗ ಅದರೊಳಗೆ ಪೂರ್ತಿ ಇಳಿದರೆ ಮೂರು ವರ್ಷದೊಳಗಿನ ಮಗುವಿಗೆ ಅದನ್ನು ಕೊಡುವ ಹಾಗಿಲ್ಲ, ಗಂಟಲಿಗೆ ಸಿಕ್ಕೀತು ಅಂತ. ರಫ್ತಿನವರು ಮೊದಲ ಸಲ ಆ ಕೊಳವೆ ತಂದಾಗ ಅಪ್ಪ ನಮ್ಮ ಹಳೇ ಗಿಲಕಿಯ ಮಣಿಗಳನ್ನು ಒಂದೊಂದಾಗಿ ಹಾಕಿ ನೋಡಿದರು. ಒಂದೂ ಇಳಿಯಲಿಲ್ಲ. ಅಪ್ಪನಿಗೆ ಮಿಲಿಮೀಟರ್ ಗೊತ್ತಿರಲಿಲ್ಲ. "ನಿನ್ನ ಬಾಯಿ ಅಳತೆ ಇಟ್ಟುಕೊಂಡೇ ಮಾಡಿದ್ದು" ಅಂದರು ನನಗೆ. ಅವರ ಅಳತೆಯ ಕೊಳವೆ ನಾನೇ ಆಗಿದ್ದೆ.

ನಮ್ಮ ಕೆಲಸದಲ್ಲಿ ಬಗ್ಗದ ಸಂಗತಿಗಳು ಕೆಲವಿವೆ. ಅವನ್ನೂ ನಿಮ್ಮ ಮಕ್ಕಳಿಗೆ ಮೊದಲೇ ಹೇಳಿ ಕಳಿಸಿದರೆ ಎಷ್ಟೋ ಕಾಗದ ಉಳಿಯುತ್ತದೆ. ಅರಗು ಹಚ್ಚುವುದು ಬಣ್ಣ ಬಳಿಯುವುದಲ್ಲ. ಬ್ರಷ್ಷು ಇಲ್ಲ, ಡಬ್ಬಿ ಇಲ್ಲ. ಬಣ್ಣ ಸೇರಿಸಿದ ಅರಗಿನ ಕಡ್ಡಿಯನ್ನು ಜೋರಾಗಿ ತಿರುಗುವ ಮರಕ್ಕೆ ಒತ್ತಿ ಹಿಡಿಯಬೇಕು. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ಒಣಗಿದ ಕೇದಗೆ ಜಾತಿಯ ಗರಿ ಒತ್ತಿದರೆ ಅದು ಸಮನಾಗಿ ಹರಡಿ ಕನ್ನಡಿಯಂತಾಗುತ್ತದೆ. ಎಲ್ಲ ನಡೆಯುವುದು ತಿರುಗುವಾಗ. ತಿರುಗುವುದರಿಂದಲೇ ನಮ್ಮದೆಲ್ಲ ಗುಂಡಗೆ. ಚೌಕದ ಡಬ್ಬಿ ಬರೆದು ತಂದು "ಇದಕ್ಕೆ ನಾಲ್ಕೂ ಕಡೆ ಅರಗು ಹಾಕಿಕೊಡಿ" ಅಂದರೆ ಕಡ್ಡಿ ಹಿಡಿದವನ ಬೆರಳು ಗತಿಯೇನು? ನಾವು ಬೇಡ ಅನ್ನುವುದು ಹಟದಿಂದಲ್ಲ.

ಮರವೂ ಹಾಗೇ. ನಾವು ಬಳಸುವ ಆಲೆ ಮರ ಹಾಲಿನಂತೆ ಬಿಳಿ, ಉಳಿಗೆ ಬೆಣ್ಣೆಯಂತೆ ಒಗ್ಗುತ್ತದೆ. ಆದರೆ ಕಡಿದು ಎರಡು ಮೂರು ತಿಂಗಳು ಒಣಗಿಸದೆ ಮುಟ್ಟುವ ಹಾಗಿಲ್ಲ. ಒಣಗಿದ ಮೇಲೂ ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ. ಉದ್ದಕ್ಕಲ್ಲ, ಅಡ್ಡಕ್ಕೆ. ಹಾಗಾಗಿ ಗುಂಡಗೆ ಕಡೆದ ಬಾಯಿ ಆಷಾಢದ ಹೊತ್ತಿಗೆ ತುಸು ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಫೆಬ್ರವರಿಯಲ್ಲಿ ಸರಿಯಾಗಿ ಕೂತ ಮುಚ್ಚಳ ಜುಲೈನಲ್ಲಿ ಬರುವುದೇ ಇಲ್ಲ. ನಮ್ಮವರು ಫೆಬ್ರವರಿಯಲ್ಲಿ ಕೂತು ಜುಲೈಗೆ ಸಡಿಲ ಬಿಡುತ್ತಾರೆ. ಎಷ್ಟು ಬಿಡಬೇಕು ಅಂತ ಯಾವ ಡ್ರಾಯಿಂಗಿನಲ್ಲೂ ಇರುವುದಿಲ್ಲ.

ಡೇವಿಡ್ ಪೈ ಅಂತ ಲಂಡನ್ನಿನ ಒಬ್ಬ ಮೇಷ್ಟ್ರಿದ್ದರಂತೆ, ತಾವೂ ಮರದ ಡಬ್ಬಿಗಳನ್ನು ಮಾಡುತ್ತಿದ್ದವರು. 1960ರ ದಶಕದಲ್ಲಿ ಅವರು ಕೆಲಸಗಾರಿಕೆಯನ್ನು ಎರಡಾಗಿ ನೋಡಿದರು. ಯಂತ್ರದಲ್ಲಿ ಫಲ ಮೊದಲೇ ಗ್ಯಾರಂಟಿ. ಕೈಯಲ್ಲಿ ಹಾಗಲ್ಲ, ಕೊನೇ ಕ್ಷಣದವರೆಗೂ ಕೆಡುವ ಅಪಾಯ ಇದ್ದೇ ಇರುತ್ತದೆ, ಕೆಡದ ಹಾಗೆ ನೋಡಿಕೊಳ್ಳುವುದೇ ಕೆಲಸ. ಒಬ್ಬ ವಿದ್ಯಾರ್ಥಿ ಇದನ್ನು ವಿವರಿಸಿದಾಗ ಮಾವ ಮೊದಲ ಸಲ ತಾವಾಗಿ ಬಾಯಿ ಬಿಟ್ಟರು. "ಆ ಮೇಷ್ಟ್ರು ಲೇತಿಗೆ ಕೂತಿದ್ದಾರೆ" ಅಂದರು. ಮುಗಿದ ಭರಣಿಗೆ ಕೊನೆಯಲ್ಲಿ ಗೀರು ಹಾಕುವಾಗ ಕೈ ಒಂದು ಕೂದಲೆಳೆ ನಡುಗಿದರೂ ಇಡೀ ದಿನದ ಕೆಲಸ ಒಲೆಗೆ. ಯೋಚನೆ ಮತ್ತು ಕೈ ಬೇರೆ ಬೇರೆ ಅನ್ನುವವರು ಆ ಒಂದು ಕ್ಷಣ ಅಲ್ಲಿ ನಿಂತು ನೋಡಬೇಕು.

ಕೆಲಸ ಕಳೆದುಕೊಂಡ ವಸ್ತುಗಳ ಕಥೆ ಬೇರೆ. ಬೀದರಿನ ಬಿದ್ರಿ ಕೆಲಸದವರನ್ನು ಒಂದು ಮೇಳದಲ್ಲಿ ಭೇಟಿಯಾಗಿದ್ದೆ. ಅವರ ಪಾತ್ರೆಯ ಲೋಹ ಹದಿನಾರು ಪಾಲು ಸತು, ಒಂದು ಪಾಲು ತಾಮ್ರ. ಕೊನೆಗೆ ಬೀದರ್ ಕೋಟೆಯ ಹಳೇ ಮಣ್ಣನ್ನು ನವಸಾಗರ ಅನ್ನುವ ಉಪ್ಪಿನ ಜೊತೆ ಕಲಸಿ ಉಜ್ಜಿದರೆ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಒಳಗೆ ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಒಂದು ಕಾಲದಲ್ಲಿ ಹುಕ್ಕಾದ ಬುಡ, ಪಾನ್‌ದಾನ್, ಹೂಜಿ ಮಾಡುತ್ತಿದ್ದರು. ಈಗ ಹುಕ್ಕಾ ಸೇದುವವರು ಎಲ್ಲಿ? ಹಾಗಾಗಿ ಷೋಕೇಸಿಗೆ ಹೋಗಿ ಕೂತಿದೆ. ಅಲ್ಲಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು, ನಮಗೆಲ್ಲ ಖುಷಿಯಾಯಿತು. ಆದರೆ ಬಿದ್ರಿಗೆ ಹೊಸ ಕೆಲಸ ಹುಡುಕಿಕೊಡುವುದು ಪ್ರಶಸ್ತಿಯಿಂದ ಆಗುವುದಿಲ್ಲ. ಕೀ ಚೈನಿಗೆ ನಾಲ್ಕು ಹೂವು ಕೂರಿಸಿದರೂ ಆಗುವುದಿಲ್ಲ. ಅಂಥ ಕಡೆ ನಿಮ್ಮ ಮಕ್ಕಳು ನಿಜವಾಗಿ ಬೇಕು. ಇವತ್ತಿನ ಮನೆಯಲ್ಲಿ ಯಾವ ವಸ್ತು ತಣ್ಣಗಿರಬೇಕು, ಭಾರವಾಗಿರಬೇಕು, ಕಪ್ಪಗಿರಬೇಕು ಅಂತ ಅವರು ಹುಡುಕಲಿ.

ಜಪಾನಿನ ಮಾತೂ ಹೇಳಲೇಬೇಕು. ನಮ್ಮ ಊರಿಗೂ ಜಪಾನಿಗೂ ಹಳೇ ನಂಟು. ಬಾವಾಸ್ ಮಿಯಾ ಅವರು ಅಲ್ಲಿಯ ಕೆಲಸ ಕಲಿತು ಬಂದು ಇಲ್ಲಿನ ಬೊಂಬೆ ಕೆಲಸಕ್ಕೆ ಹೊಸ ದಾರಿ ಹಾಕಿಕೊಟ್ಟರು ಅಂತ ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಅಲ್ಲಿ ಮರದಲ್ಲಿ ಕಡೆಯುವ ಕೊಕೆಶಿ ಬೊಂಬೆಯನ್ನೂ ನಮ್ಮ ಬೊಂಬೆಯನ್ನೂ ಪಕ್ಕ ಪಕ್ಕ ಇಟ್ಟರೆ ದಾಯಾದಿಗಳ ಹಾಗೆ ಕಾಣುತ್ತವೆ. ಆ ಜಪಾನಿನಲ್ಲೇ ಯಾನಗಿ ಸೊಯೆತ್ಸು ಅನ್ನುವವರು 1920ರ ದಶಕದಲ್ಲಿ 'ಮಿಂಗೆಯ್' ಅಂತ ಒಂದು ವಿಚಾರ ಹುಟ್ಟುಹಾಕಿದರು. ಜನಸಾಮಾನ್ಯರು ಜನಸಾಮಾನ್ಯರಿಗಾಗಿ ಮಾಡಿದ ದಿನಬಳಕೆಯ ವಸ್ತುವಿನಲ್ಲೇ ನಿಜವಾದ ಚೆಲುವು, ಅದರ ಮೇಲೆ ಮಾಡಿದವನ ಹೆಸರಿರಬೇಕಾಗಿಲ್ಲ ಅಂತ. ಅದಕ್ಕಾಗಿ 1936ರಲ್ಲಿ ಟೋಕಿಯೋದಲ್ಲಿ ಒಂದು ಮ್ಯೂಸಿಯಂ ಕೂಡ ತೆರೆದರು. ನಿಮ್ಮಲ್ಲೊಬ್ಬ ಮೇಷ್ಟ್ರು ನನಗೆ ಸಮಾಧಾನ ಹೇಳಲು ಇದನ್ನೇ ಹೇಳಿದರು. "ಹೆಸರಿಲ್ಲದಿರುವುದೇ ಕರಕುಶಲದ ದೊಡ್ಡತನ ಅಲ್ವಾಮ್ಮ" ಅಂತ.

ಅಲ್ಲ ಸಾರ್. ಯಾರ ಹೆಸರೂ ಇಲ್ಲದ ಕಡೆ ನನ್ನ ಹೆಸರೂ ಇಲ್ಲದಿದ್ದರೆ ಅದು ದೊಡ್ಡತನ. ಚೊಂಬಿನ ಮೇಲೆ ಯಾರ ಹೆಸರಿದೆ? ಮೊರದ ಮೇಲೆ? ಆದರೆ ಒಂದೇ ಚೀಟಿಯಲ್ಲಿ ಒಬ್ಬರ ಹೆಸರು ದಪ್ಪಕ್ಷರದಲ್ಲಿ, ಇನ್ನೊಬ್ಬರು 'ಸ್ಥಳೀಯ' ಅಂತಾದರೆ ಅದಕ್ಕೆ ದೊಡ್ಡತನ ಅಂತ ಯಾವ ಊರಲ್ಲೂ ಕರೆಯುವುದಿಲ್ಲ. ದ್ಯುಶಾಂನ ತೊಟ್ಟಿಗೆ ಸಹಿ ಬಿತ್ತು, ಅದನ್ನು ಅಚ್ಚಿಗೆ ಹೊಯ್ದ ಪಿಂಗಾಣಿ ಕೆಲಸದವನ ಹೆಸರು ಅಲ್ಲೂ ಇಲ್ಲ, ಗಮನಿಸಿದ್ದೀರಾ?

ನಮ್ಮ ಕಡೆ ತಪ್ಪಿಲ್ಲ ಅಂತಲ್ಲ. ಬೇಕಾದಷ್ಟಿದೆ. "ಹೇಳಿದ್ದು ಮಾಡ್ತೀವಿ ಸಾರ್" ಅನ್ನುವುದನ್ನು ಬಾಯಿಪಾಠ ಮಾಡಿಕೊಂಡಿದ್ದೇವೆ. ಗಿರಾಕಿಯ ಹತ್ತಿರ ವಾದ ಮಾಡಿದರೆ ಆರ್ಡರ್ ಹೋಗುತ್ತದೆ ಅನ್ನುವ ಭಯ ರಕ್ತದಲ್ಲೇ ಇದೆ. ಡ್ರಾಯಿಂಗ್ ತಪ್ಪು ಅಂತ ಮೊದಲ ನೋಟದಲ್ಲೇ ಗೊತ್ತಾದರೂ ಸುಮ್ನೆ ಮಾಡಿಕೊಡುತ್ತೇವೆ, ಮುರಿದಾಗ ಒಳಗೊಳಗೇ ನಗುತ್ತೇವೆ. ಒಬ್ಬ ಬಾತುಕೋಳಿ ಬಂಡಿ ಮಾಡಿ ನಾಲ್ಕು ಕಾಸು ಕಂಡರೆ ಇಡೀ ಬೀದಿಯೇ ಬಾತುಕೋಳಿ. ಆಲೆ ಮರ ದುಬಾರಿ ಅಂತ ರಬ್ಬರ್ ಮರ, ಅರಿಸಿನ, ನೀಲಿ ಗಿಡದ ಬಣ್ಣ ತಡವಾಗುತ್ತೆ ಅಂತ ಪೇಟೆಯ ಪುಡಿ. ಕೈ ಮಾರಿದೆವು, ತಲೆಯನ್ನು ಒಳಗೇ ಬಚ್ಚಿಟ್ಟುಕೊಂಡೆವು. ಈಗ ನಿಮಗೆ ತಲೆ ಕಾಣಿಸಲಿಲ್ಲ ಅಂತ ದೂರುತ್ತಿದ್ದೇನೆ, ನನಗೂ ಗೊತ್ತಿದೆ.

ಆದರೂ ಕೇಳುವುದನ್ನು ಕೇಳಿಬಿಡುತ್ತೇನೆ. ಮೊದಲ ದಿನ ಡ್ರಾಯಿಂಗ್ ಬೇಡ. ಮಕ್ಕಳು ಬರಿಗೈಯಲ್ಲಿ ಬರಲಿ, ಮೂರು ದಿನ ಲೇತಿನ ಪಕ್ಕ ಕೂತು ಒಂದು ಬುಗುರಿ ಕೆಡಿಸಲಿ. ಕೆಡಿಸಿದ ಬುಗುರಿ ಕಲಿಸುವಷ್ಟು ನನ್ನ ದುಭಾಷಿ ಕೆಲಸ ಕಲಿಸುವುದಿಲ್ಲ. ಮಾರ್ಕ್ಸ್ ಹಾಕುವ ದಿನ ನಿಮ್ಮ ಜ್ಯೂರಿ ಅಂತ ಕೂರುತ್ತಾರಲ್ಲ, ಅಲ್ಲಿ ಕಡೆದವರಿಗೂ ಒಂದು ಕುರ್ಚಿ ಹಾಕಿ. ಅವರು ಭಾಷಣ ಮಾಡುವುದಿಲ್ಲ, ವಸ್ತುವನ್ನು ಕೈಗೆತ್ತಿಕೊಂಡು ತಿರುಗಿಸುತ್ತಾರೆ. ಅದನ್ನು ನೋಡಿಯೇ ಎಷ್ಟು ಮಾರ್ಕ್ಸ್ ಅಂತ ನಿಮಗೆ ಗೊತ್ತಾಗುತ್ತದೆ.

ದುಡ್ಡಿನ ಮಾತು ಆಡೋಕೆ ಮುಜುಗರ, ಆದರೂ ಆಡಬೇಕು. ಆ ಭರಣಿಗೆ ನಾವು ನಾಲ್ಕು ಸ್ಯಾಂಪಲ್ ಮಾಡಿದೆವು, ಹೆಚ್ಚು ಕಡಿಮೆ ಮೂರು ದಿನದ ಕೆಲಸ. ದುಡ್ಡು ಬಂದಿದ್ದು ನಾಲ್ಕನೆಯದಕ್ಕೆ ಮಾತ್ರ. ಉಳಿದ ಮೂರು ತಪ್ಪು ಅಂತ ಲೆಕ್ಕ. ನಿಮ್ಮ ತರಗತಿಯಲ್ಲಿ ಮೂರು ಸಲ ಮಾಡಿ ಕೆಡಿಸಿದರೆ ಅದಕ್ಕೆ ಪ್ರಯೋಗ ಅನ್ನುತ್ತೀರಿ, ಅದಕ್ಕೂ ಮಾರ್ಕ್ಸ್ ಇದೆ. ನಮ್ಮ ಶೆಡ್ಡಿನಲ್ಲಿ ಕೆಟ್ಟರೆ ಅದು ನಮ್ಮ ಮನೆಯ ಸೌದೆ. ಯೋಚನೆಗೆ ಬೆಲೆ ಕೊಡುತ್ತೇವೆ ಅನ್ನುವವರು ಸ್ಯಾಂಪಲ್ಲಿಗೆ ಬೆಲೆ ಕೊಡಿ. ಯೋಚನೆ ಅಲ್ಲೇ ನಡೆದಿರುವುದು.

ಚೀಟಿಯ ವಿಷಯ ಮತ್ತೆ ಹೇಳುವುದಿಲ್ಲ. ಮಾವನ ಹೆಸರು ಬರೆಯೋಕೆ ಎರಡಂಗುಲ ಜಾಗ ಸಾಕು.

ಆ ಹುಡುಗಿ ಈಗಲೂ ಫೋನ್ ಮಾಡುತ್ತಿರುತ್ತಾಳೆ. ಓದು ಮುಗಿಸಿ ಪೀಠೋಪಕರಣದ ಕಂಪನಿಯಲ್ಲಿದ್ದಾಳೆ. ಹೋದ ವರ್ಷ ಶ್ರಾವಣದಲ್ಲಿ ಫೋನ್ ಮಾಡಿ "ಆಂಟಿ, ನನ್ನ ಭರಣಿ ಮುಚ್ಚಳ ಬರ್ತಾನೇ ಇಲ್ಲ" ಅಂದಳು. ಫೋನು ಮಾವನಿಗೆ ಕೊಟ್ಟೆ. ಯಾವುದು, ನಾಲ್ಕನೆಯದಾ ಅಂತ ಕೇಳಿದರು. ಅಲ್ಲವಂತೆ. ಮೊದಲನೆಯದು, ಗೀರಿಲ್ಲದ್ದು. ಅವಳು ಅದನ್ನೂ ಕೇಳಿ ತೆಗೆದುಕೊಂಡು ಹೋಗಿದ್ದಳು. ಮಾವ ಜೋರಾಗಿ ನಕ್ಕು "ದೀಪಾವಳಿವರೆಗೂ ಕಾಯಮ್ಮ, ತಾನೇ ಬರುತ್ತೆ" ಅಂದರು.

ಅದಕ್ಕೇ ಈ ಸಲ ಮಕ್ಕಳನ್ನು ಸಂಕ್ರಾಂತಿಗೆ ಕಳಿಸಬೇಡಿ. ಆಷಾಢದಲ್ಲಿ ಕಳಿಸಿ. ಮಳೆ ಇರುತ್ತದೆ, ಕರೆಂಟು ಹೋಗುತ್ತಿರುತ್ತದೆ, ಮರ ಸರಿಯಾಗಿ ಮಾತು ಕೇಳುವುದಿಲ್ಲ. ಊಟ ನಮ್ಮ ಮನೆಯಲ್ಲೇ. ಬಿಳಿ ಶೂ ಮಾತ್ರ ಬೇಡ.

ಇತಿ,
ಚನ್ನಪಟ್ಟಣದ ಲೇತ್ ಮನೆಯ ಒಬ್ಬ ಮಗಳು